ಕೈ ತಲೆಗೆ ಹೋಗದಂಥ ಟೊಪ್ಪಿಗೆ

ಮುಂಗಾರಿನ ಮಿರಗದ ಮಳೆ ಕೂಡಿತು ಅಂದರೆ ಊರಿಗೆ ಊರೇ ಹಿಗ್ಗುತ್ತಿತ್ತು. ಹೊಳೆಪ್ಪ ಮಾತ್ರ ಹಿಗ್ಗುತ್ತಿರಲಿಲ್ಲ. ರೈತರು ಕೂರಿಗೆ ಹೊರಗೆ ತೆಗೆಯುವ ಹೊತ್ತಿಗೆ ಇವನು ಹೊಳೆದಂಡೆಗೆ ಹೋಗಿ ನಿಂತು ನೀರಿನ ಬಣ್ಣ ನೋಡುತ್ತಿದ್ದ. ನೀರು ತಿಳಿಯಾಗಿರೋತನಕ ಜೀವವೂ ತಿಳಿ. ಹುಕ್ಕೇರಿ ಕಡೆಯ ಗುಡ್ಡದ ಮಣ್ಣು ಕರಗಿ ಬಂದು ಹೊಳೆ ರಾಡಿಯಾಯಿತೋ, ಇವನ ಬಾಯಿ ಒಣಗುತ್ತಿತ್ತು. ಅಂಬಿಗನಿಗೆ ನೀರಂದರೆ ಅಂಜಿಕೆ ಅಂದರೆ ಯಾರು ನಂಬುತ್ತಾರೆ? ನಂಬಿದರೆ ಅವನ ನಾವೆ ಯಾರು ಹತ್ತುತ್ತಾರೆ? ಅದಕ್ಕೇ ಅವನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಗೋಕಾವಿಯಿಂದ ಕೆಳಗೆ ಘಟಪ್ರಭೆ ಒಂದು ದೊಡ್ಡ ತಿರುವು ತಗೊಳ್ಳುವಲ್ಲಿ ಹೊಳೆಪ್ಪನವರು ನಾವೆ ಬಿಡುವ ಘಾಟು. ಬೇಸಗೆಯಲ್ಲಿ ಮಂದಿ ಧೋತರ ಮೇಲೆತ್ತಿಕೊಂಡು ನಡೆದೇ ದಾಟುವರು. ಮಳೆಗಾಲದಲ್ಲಿ ಆಚೆ ದಂಡೆಗೆ ಹೋಗಿ ಮೂಡಲಗಿ ಸಂತೆ ಮುಟ್ಟಬೇಕಾದರೆ ಹೊಳೆಪ್ಪನ ಮನೆತನದ ನಾವೆಯೇ ಗತಿ. ಸೇತುವೆ ಹಿಡಿದು ಸುತ್ತಿ ಹೋದರೆ ಸಂತೆ ಬಿಚ್ಚಿದ ಮೇಲೆ ಹೋಗಿ ಕಸ ನೋಡಿ ಬಂದಂಗೆ. ಬೆಳಗಾವಿ ಜಿಲ್ಲೆ ಇನ್ನೂ ಮುಂಬಯಿ ಸರಕಾರದ ಕೈಯಲ್ಲಿದ್ದ ಕಾಲ. ಅಜ್ಜ ನಡೆಸಿದ, ಅಪ್ಪ ಉದ್ದಪ್ಪ ನಡೆಸಿದ, ಉದ್ದಪ್ಪ ಸತ್ತ ಮೇಲೆ ದೊಡ್ಡ ಹುಟ್ಟು ಹೊಳೆಪ್ಪನ ಕೈಗೆ ಬಂತು. ಮುಂದೆ ಆ ಘಾಟಿಗೂ ಸೇತುವೆ ಆಗೋತನಕ ಆ ಹುಟ್ಟು ಅವನ ಕೈಯಲ್ಲೇ ಇತ್ತು. ‘ಎಂಥಾ ಗಟ್ಟಿ ಗುಂಡಿಗಿ ಮನಷ್ಯಾ’ ಅಂತ ಮಂದಿ ಈಗಲೂ ಅಂತಾರೆ. ಅನ್ನುವವರಿಗೇನು, ದಂಡೆ ಮೇಲೆ ನಿಂತು ಅಂತಾರೆ. ಗುಂಡಿಗೆ ಎಷ್ಟು ಗಟ್ಟಿ ಇತ್ತು ಅನ್ನುವುದು ಅವನ ಹೆಂಡತಿ ಕರೆವ್ವನಿಗೆ ಗೊತ್ತಿತ್ತು.

ಉದ್ದಪ್ಪ ಸತ್ತದ್ದು ಹಿಂದಿನ ಮಳೆಗಾಲದ ಕಡೆಗೆ, ಉತ್ತರಿ ಮಳೆಯಲ್ಲಿ. ಆ ದಿನ ನಾವೆಯಲ್ಲಿ ಹೊಳೆಪ್ಪನೂ ಇದ್ದ, ಮುಂದುಗಡೆ ಸಣ್ಣ ಹುಟ್ಟು ಹಾಕುತ್ತ. ತಿರುವಿನಲ್ಲಿ ಎಮ್ಮಿಕಲ್ಲು ಅಂತ ಒಂದು ಬಂಡೆ. ಬೇಸಗೆಯಲ್ಲಿ ಅದು ಮಲಗಿದ ಎಮ್ಮೆಯಂಗೆ ಕಾಣುತ್ತದೆ, ಹುಡುಗರು ಹತ್ತಿ ಜಿಗಿಯುತ್ತಾರೆ. ಹೊಳೆ ತುಂಬಿದಾಗ ಮುಳುಗಿಬಿಡುತ್ತದೆ. ಆಗ ಅದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಗೊತ್ತಾಗುತ್ತದೆ: ನೀರು ಅದರ ಮೇಲೆ ಹಾಯುವಾಗ ಗಂಟಲಲ್ಲಿ ಕಫ ಕಟ್ಟಿದ ಮುದುಕ ಉಸಿರಾಡಿದಂಗೆ ಒಂದು ಸಪ್ಪಳ. ಆ ಸಪ್ಪಳ ಕೇಳುತ್ತಲೇ ಹಿಂದಿನವನು ದೊಡ್ಡ ಹುಟ್ಟಿನ ಮೇಲೆ ಎರಡೂ ಕೈ ಹೇರಿ ನಾವೆಯ ಮೂತಿ ತಿರುಗಿಸಬೇಕು. ಎರಡೂ ಕೈ. ಒಂದು ಕೈಗೆ ಆ ಹುಟ್ಟು ಬಗ್ಗುವುದಿಲ್ಲ.

ಆ ದಿನ ಸಪ್ಪಳ ಕೇಳುವ ಹೊತ್ತಿಗೇ ಪಡುವಣ ಗಾಳಿ ಒಂದು ಸಲ ಬೀಸಿತು. ಉದ್ದಪ್ಪ ತಲೆಗೆ ಸುತ್ತಿದ್ದ ಪಟಗಾದ ಸೆರಗು ಬಿಚ್ಚಿ, ಸುತ್ತು ಸಡಿಲಾಗಿ, ಹಣೆಯಿಂದ ಕಣ್ಣ ಮೇಲೆ ಇಳಿಯಿತು. ಮನೆತನ ಕೆಡಿಸಿದವನಿಗೆ ನಮ್ಮ ಕಡೆ ‘ಪಟಗಾ ಹೊಳಿಗೆ ಬಿಟ್ಟಾಂವ’ ಅಂತಾರೆ. ಹುಟ್ಟಿದಾಗಿನಿಂದ ಆ ಮಾತು ಕೇಳಿದ ಮನುಷ್ಯ ಏನು ಮಾಡಬೇಕು? ಉದ್ದಪ್ಪನ ಬಲಗೈ ಹುಟ್ಟು ಬಿಟ್ಟು ತಲೆಗೆ ಹೋಯಿತು. ಹೊಳೆಪ್ಪ ತಿರುಗಿ ನೋಡಿದ್ದು ಅದೇ ಕ್ಷಣಕ್ಕೆ. ಅಪ್ಪನ ಮುಖ ಕಾಣಲಿಲ್ಲ, ಬಿಳಿ ಅರಿವೆ ಮತ್ತು ಅದನ್ನು ಹಿಡಿದ ಕೈ, ಎರಡೇ ಕಂಡವು. ನಾವೆ ಅಡ್ಡ ತಿರುಗಿತು, ಎಮ್ಮಿಕಲ್ಲಿಗೆ ಬಡಿಯಿತು. ದಂಡೆ ಹತ್ತಿರ ಇದ್ದದ್ದರಿಂದ ಉಳಿದವರೆಲ್ಲ ನಾವೆಯ ಅಂಚು ಹಿಡಿದೋ ಈಸಿಯೋ ಪಾರಾದರು. ಉದ್ದಪ್ಪನ ತಲೆ ಕಲ್ಲಿಗೆ ಬಡಿದಿತ್ತು. ಹೆಣ ಕೆಳಗಿನ ಊರಿನ ಹತ್ತಿರ ಸಿಕ್ಕಾಗ ಪಟಗಾದ ಸೆರಗು ಮುಷ್ಟಿಯೊಳಗೇ ಇತ್ತು.

ಇದನ್ನು ನೋಡಿ ಮಂದಿ ಏನಂದರು ಗೊತ್ತೇನು? ‘ಜೀವಾ ಬಿಟ್ಟಾ, ಪಟಗಾ ಬಿಡಲಿಲ್ಲ. ಗಂಡಸು ಅಂದ್ರ ಹಿಂಗಿರಬೇಕು’ ಅಂದರು. ಅಂದವರ ಬಾಯಿಗೆ ಮಣ್ಣು ಹಾಕಬೇಕು. ಹೊಳೆಪ್ಪ ಹೆಣದ ಬಾಜೂಕ ಕೂತು ಆ ಮಾತು ಕೇಳುತ್ತಿದ್ದ. ಅಳು ಬರಲಿಲ್ಲ. 

ಕರ್ಮ ಮುಗಿದ ದಿನ ಸೋದರಮಾವ ಮಾಯಪ್ಪ ಕಣಗಲಾದಿಂದ ಹೊಸ ಪಟಗಾ ತಂದ. ಹೊಳೆಪ್ಪನಿಗೆ ಅವನು ಬರೀ ಸೋದರಮಾವನಲ್ಲ, ಕರೆವ್ವ ಅವನ ಮಗಳು. ತಂದೆ ಸತ್ತ ಮನೆಯ ಹಿರಿಮಗನಿಗೆ ಸೋದರಮಾವ ಪಟಗಾ ಸುತ್ತಿದರೆ ಮನೆಯ ಭಾರ ಅವನ ತಲೆ ಮೇಲೆ ಬಂತು ಅಂತ ಅರ್ಥ. ಕೆಂಪು ಅಂಚಿನ ಬಿಳಿ ಅರಿವೆ, ದಪ್ಪ ನೂಲಿನದು. ನಾಲ್ಕು ಮಂದಿಯ ಎದುರಿಗೆ ಅದನ್ನು ಬಿಗಿದು ಸುತ್ತಿ ಮಾಯಪ್ಪ ಅಂದ:

“ವರ್ಷದ ಕಾರ್ಯ ಆಗೂತನಕ ಹೊರಗ ಹೊಂಟ್ರ ಇದು ನಿನ್ನ ತಲಿ ಮ್ಯಾಲ ಇರಬೇಕು, ಹೊಳೆಪ್ಪಾ. ನಿಮ್ಮಪ್ಪ ಇದಕ್ಕ ಜೀವಾ ಕೊಟ್ಟಾನ.”

ಹೊಳೆಪ್ಪ ಕಾಲಿಗೆ ಬಿದ್ದ. ಕಾಲಿಗೆ ಬಿದ್ದು ಏಳುವಾಗ ಪಟಗಾ ಜಾರೀತೇನೋ ಅಂತ ಅವನ ಕೈ ತನ್ನಷ್ಟಕ್ಕೆ ತಲೆಗೆ ಹೋಯಿತು. ಅದು ಅವನಿಗೇ ಗೊತ್ತಾಗಿ ಕೈ ಕೆಳಗೆ ಇಳಿಸಿದ.

ಹೊಳೆ ಇಳಿದಿತ್ತು, ಚಳಿಗಾಲ ಬಂತು, ಬೇಸಗೆ ಬಂತು. ನಾವೆ ದಂಡೆ ಮೇಲೆ ಬೋರಲು ಬಿದ್ದಿತ್ತು. ಆ ತಿಂಗಳುಗಳಲ್ಲಿ ಹೊಳೆಪ್ಪ ಮಂದಿಯ ಹೊಲದಲ್ಲಿ ದುಡಿದ, ಪಟಗಾ ಸುತ್ತಿಕೊಂಡು ಮದುವೆಗೆ ಹೋದ, ನಕ್ಕ. ಆದರೆ ಗಾಳಿ ಬೀಸಿದಾಗೆಲ್ಲ ಕೈ ತಲೆಗೆ ಹೋಗುತ್ತಿತ್ತು. ಹೊಲದಲ್ಲಿ ಕೈ ತಲೆಗೆ ಹೋದರೆ ಯಾರಿಗೇನು ನಷ್ಟ? ಹೊಳೆಯಲ್ಲಿ ಹೋದರೆ?

ಮಿರಗ ಕೂಡಿ ಹೊಳೆಗೆ ಹೊಸ ನೀರು ಬಂದಾಗ ನಾವೆಗೆ ಡಾಂಬರು ಬಳಿದು, ಮುಂದಿನ ಹುಟ್ಟಿಗೆ ದಾಯಾದಿ ಅಲ್ಲಪ್ಪನನ್ನು ಕೂರಿಸಿಕೊಂಡು ಖಾಲಿ ನಾವೆ ಇಳಿಸಿದ. ನಡುನೀರಿನಲ್ಲಿ ಸಣ್ಣ ಗಾಳಿ. ಬಲಗೈ ಹುಟ್ಟು ಬಿಟ್ಟಿತು. ಅವನು ಬಿಡಿಸಲಿಲ್ಲ, ಅದೇ ಬಿಟ್ಟಿತು. ನಾವೆ ಓರೆಯಾಯಿತು.

“ಏ ಹೊಳ್ಯಾ, ಕೈ ಎಲ್ಲೈತಿ?” ಅಂದ ಅಲ್ಲಪ್ಪ, ತಿರುಗಿ ನೋಡಿ.  ಉದ್ದಪ್ಪ ಸತ್ತ ದಿನ ಅವನೂ ನಾವೆಯಲ್ಲಿ ಇದ್ದವನೇ. ಅವನ ಮುಖ ಬೂದಿ ಬಳಿದಂಗಾಗಿತ್ತು.

ಅಂದಿನಿಂದ ಹೊಳೆಪ್ಪನಿಗೆ ಒಂದೇ ಚಿಂತೆ ಹತ್ತಿತು. ನೀರಿನದಲ್ಲ, ಕಲ್ಲಿನದಲ್ಲ, ತನ್ನ ಕೈಯದು. ಹಗ್ಗಕ್ಕೆ ಕಟ್ಟಿದ ಎತ್ತು ಹೇಳಿದಂಗೆ ಕೇಳುತ್ತದೆ. ಹೆಗಲಿಗೆ ಹತ್ತಿದ ಕೈ ಕೇಳುವುದಿಲ್ಲ ಅಂದರೆ ಯಾರಿಗೆ ಹೇಳಬೇಕು? ಕೈ ತಲೆಗೆ ಹೋಗದಂಥದ್ದು ಏನಾದರೂ ತಲೆ ಮೇಲೆ ಇರಬೇಕು. ಗಾಳಿಗೆ ಹಾರಬಾರದು, ಕಣ್ಣಿಗೆ ಇಳಿಯಬಾರದು, ತೊಯ್ದು ಭಾರ ಆಗಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಎಮ್ಮಿಕಲ್ಲಿನ ಸಪ್ಪಳ ಕೇಳುವಂಗೆ ಕಿವಿ ತೆರೆದಿರಬೇಕು. ಅಂಥದ್ದೊಂದು ಲೋಕದಲ್ಲಿ ಐತೋ ಇಲ್ಲೋ.

ಮೊದಲು ಪಟಗಾವನ್ನೇ ಬಿಗಿಯಾಗಿ, ಕಿವಿ ಮುಚ್ಚಿ, ಗದ್ದದ ಕೆಳಗೆ ತಗೊಂಡು ಸುತ್ತಿ ನೋಡಿದ. ತಲೆ ಸಿಡಿಯಿತು. ಸಿಡಿದರೆ ಸಿಡಿಯಲಿ, ಆದರೆ ಕಿವಿಯಲ್ಲಿ ತನ್ನ ರಕ್ತದ ಸಪ್ಪಳ ಬಿಟ್ಟು ಬೇರೇನೂ ಕೇಳಲಿಲ್ಲ. ಕುರುಡ ಆಗುವುದು ಬಿಟ್ಟು ಕಿವುಡ ಆದಂಗಾಯಿತು. ಕಂಬಳಿ ಕೊಪ್ಪೆಯದೂ ಅದೇ ಹಣೆಬರಹ, ಮೇಲೆ ತೊಯ್ದ ಕಂಬಳಿಯ ಭಾರ ಬೇರೆ.

ಎಲ್ಲ ಬಿಟ್ಟು, ಮಾವನ ಮಾತನ್ನೂ ಮೀರಿ, ಒಂದು ದಿನ ಬರಿದಲೆಯಲ್ಲಿ ಘಾಟಿಗೆ ಹೋದ. ಆ ದಿನ ಮಳೆ ಇರಲಿಲ್ಲ, ಹೊಳೆಯೂ ಅರ್ಧವೇ ಇತ್ತು. ನಾವೆ ಹತ್ತಿ ಕೂತಿದ್ದ ಒಬ್ಬ ಬಾಣಂತಿ ಇವನನ್ನು ನೋಡುತ್ತಲೇ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಳಿದುಬಿಟ್ಟಳು. ಅವಳ ಹಿಂದೆ ಅತ್ತೆ ಇಳಿದಳು. ಪ್ರತಿ ವಾರ ಮೂಡಲಗಿ ಸಂತೆಗೆ ಬೆಲ್ಲ ಒಯ್ಯುವ ಮುರಿಗೆಪ್ಪ ಹೊಳೆಪ್ಪನ ತಲೆ ನೋಡಿ, ಮನೆಯಲ್ಲಿ ಮತ್ತೆ ಯಾರು ತೀರಿಕೊಂಡರು ಅಂತ ಕೇಳಿದ. ಯಾರೂ ಇಲ್ಲ ಅಂದದ್ದಕ್ಕೆ, ಹಂಗಾದರೆ ಇನ್ನು ಮುಂದೆ ಯಾರೋ ತೀರಿಕೊಳ್ಳುವವರಿದ್ದಾರೆ ಅಂದ. ತಲೆ ಬರಿದು ಇದ್ದರೆ ಸೂತಕ. ಸೂತಕದ ಅಂಬಿಗನ ಹಿಂದೆ ಹೊಳೆ ದಾಟುವ ಹುಚ್ಚ ಯಾರಿದ್ದಾನೆ? ಆ ದಿನ ಖಾಲಿ ನಾವೆ ಕಟ್ಟಿ ಹೊಳೆಪ್ಪ ಮನೆಗೆ ಬಂದ. ಘಾಟು ಕೈ ಬಿಟ್ಟರೆ ಕೂಳು ಇಲ್ಲ ಅನ್ನುವುದು ಆಗ ಅವನಿಗೆ ನೆನಪೇ ಬರಲಿಲ್ಲ. ನಾವೆ ಕಟ್ಟುವಾಗ ಗಾಳಿ ಬೀಸಿ, ಬರಿದಲೆಯಲ್ಲೂ ಕೈ ಒಂದು ಸಲ ತಲೆಗೆ ಹೋಗಿತ್ತು. ಅಲ್ಲಿ ಹಿಡಿಯುವುದಕ್ಕೆ ಏನೂ ಇಲ್ಲದ್ದಕ್ಕೆ ಕೂದಲು ಹಿಡಿದಿತ್ತು. ಅದೇ ಅವನ ಜೀವ ತಿನ್ನುತ್ತಿತ್ತು.

ಗೋಕಾವಿಯ ಪೇಟೆಯಿಂದ ಗಾಂಧಿ ಟೊಪ್ಪಿಗೆ ತಂದ. ಒಂದು ಮಳೆಗೆ ಅದು ತೊಯ್ದ ಹಪ್ಪಳ ಆಯಿತು. ಹಳೇ ಸಾಮಾನು ಮಾರುವವನ ಹತ್ತಿರ ಸಾಹೇಬರ ಬೆಂಡಿನ ಹ್ಯಾಟು ಸಿಕ್ಕಿತು. ಹಗುರ, ಕಿವಿ ತೆರೆದೇ ಇರುತ್ತದೆ, ಕಣ್ಣಿಗೆ ನೆರಳು, ಮಳೆ ಹೊರಗೆ ಜಾರುತ್ತದೆ, ಗದ್ದಕ್ಕೆ ಚರ್ಮದ ಪಟ್ಟಿ ಬೇರೆ. ಹೊಳೆಪ್ಪನಿಗೆ ದೇವರೇ ಕೊಟ್ಟಂಗಾಯಿತು. ಅಲ್ಲಪ್ಪನೊಬ್ಬನನ್ನೇ ಕೂರಿಸಿಕೊಂಡು ತಿರುವಿನ ತನಕ ಹೋದ. ಗಾಳಿ ಹ್ಯಾಟಿನ ಅಂಚಿನ ಕೆಳಗೆ ಹೊಕ್ಕಿತು. ಅದು ಹಾರಲಿಲ್ಲ, ಪಟ್ಟಿ ಇತ್ತಲ್ಲ. ಹಾರುವ ಬದಲು ಅವನ ತಲೆಯನ್ನೇ ಹಿಂದಕ್ಕೆ ಜಗ್ಗಿತು, ಯಾರೋ ಹಿಂದೆ ನಿಂತು ಜುಟ್ಟು ಹಿಡಿದು ಎಳೆದಂಗೆ. ಪಟ್ಟಿ ಗಂಟಲಿಗೆ ಕೂತಿತು. ಎರಡೂ ಕೈ, ಒಂದಲ್ಲ ಎರಡೂ ಕೈ, ಗಂಟಲಿಗೆ ಹೋದವು. ಅಲ್ಲಪ್ಪ ಮುಂದಿನಿಂದ ಹೌಹಾರಿ ತನ್ನ ಹುಟ್ಟು ಒತ್ತಿ ನಾವೆಯನ್ನು ದಂಡೆಯ ಜಾಲಿಕಂಟಿಗೆ ತುರುಕಿದ್ದಕ್ಕೆ ಇಬ್ಬರೂ ಉಳಿದರು. ಮುಳ್ಳು ಕಿತ್ತುಕೊಳ್ಳುತ್ತ ಅಲ್ಲಪ್ಪ, ಇನ್ನು ಮುಂದೆ ಹೊಳೆ ತುಂಬಿದಾಗ ತನ್ನನ್ನು ಕರೆಯಬೇಡ ಅಂದ. ತನಗೂ ಹೆಂಡತಿ ಮಕ್ಕಳಿದ್ದಾರೆ ಅಂದ. ಸಿಟ್ಟಿನಿಂದ ಅಂದಿದ್ದರೆ ಬೇರೆ. ಅವನು ಅಳುವ ದನಿಯಲ್ಲಿ ಅಂದ.

ಆ ಸಂಜೆ ಕರೆವ್ವ ಹಾಲುಗೂಸನ್ನು ಬಗಲಲ್ಲಿ ಎತ್ತಿಕೊಂಡು ಹಿತ್ತಲಿಂದ ಬಂದು ನೋಡುತ್ತಾಳೆ, ಗಂಡ ಪಡಸಾಲೆಯಲ್ಲಿ ಕೂತು ಒನಕೆಯನ್ನು ಹುಟ್ಟಿನಂಗೆ ಎರಡೂ ಕೈಯಲ್ಲಿ ಹಿಡಿದು ಒತ್ತುತ್ತಿದ್ದಾನೆ. ಒತ್ತುತ್ತಾನೆ, ಕಣ್ಣು ಮುಚ್ಚುತ್ತಾನೆ, ಬಲಗೈ ಮೇಲೆದ್ದು ಅರ್ಧದಲ್ಲಿ ನಿಲ್ಲುತ್ತದೆ, ಎಡಗೈಯಿಂದ ಅದನ್ನು ಬಡಿಯುತ್ತಾನೆ. ಬೆವರು ಇಳಿಯುತ್ತಿತ್ತು. ಅವಳು ಮೊದಲು ಗಾಳಿ ಸೋಂಕಿತೇನೋ ಅಂದುಕೊಂಡಳು. ಆಮೇಲೆ ಬಾಜೂಕ ಕೂತು ಒನಕೆ ಇಸಿದುಕೊಂಡಳು.

ಅವನು ಹೇಳಿದ. ಅಪ್ಪನ ಕೈ ಕಂಡದ್ದು ಹೇಳಿದ, ತನ್ನ ಕೈ ತನ್ನ ಮಾತು ಕೇಳದ್ದು ಹೇಳಿದ, ಅಲ್ಲಪ್ಪ ಅಂದದ್ದು ಹೇಳಿದ.

“ನನಗ ಅಂಜಿಕಿ ಬರತೈತಿ, ಕರೆವ್ವಾ,” ಅಂದ. “ಸಾಯೂದಕ್ಕಲ್ಲ. ನಾವಿ ತುಂಬ ಮಂದಿ ಕುಂತಿರ್ತಾರ, ನನ್ನ ಕೈ ನೋಡಕೋತ.”

 ಕರೆವ್ವನ ತೊಡೆಯ ಮೇಲೆ ಕೂಸು ಮಲಗಿತ್ತು. ಅದರ ತಲೆಗೆ ಕುಲಾವಿ, ಗದ್ದದ ಕೆಳಗೆ ಲಾಡಿಯ ಗಂಟು. ಹಾಲು ಕುಡಿಯುವಾಗ ಅದು ತಲೆ ಅತ್ತಿತ್ತ ಉಜ್ಜುತ್ತದೆ, ಒದೆಯುತ್ತದೆ, ರಂಪ ಮಾಡುತ್ತದೆ, ಕುಲಾವಿ ಮಾತ್ರ ಕದಲುವುದಿಲ್ಲ. ಅವಳು ಅದನ್ನೇ ಎಷ್ಟೋ ಹೊತ್ತು ನೋಡಿದಳು.

“ಇದು ತಲಿಗೆ ಕೈ ಒಯ್ಯೂದನ್ನ ನೀವು ಎಂದಾದ್ರೂ ನೋಡೀರೇನ್ರಿ?” ಅಂದಳು.

ಹೊಳೆಪ್ಪನಿಗೆ ಸಿಟ್ಟು ಬಂತು. ಮೀಸೆ ಬಂದ ಗಂಡಸು ಕೂಸಿನ ಕುಲಾವಿ ಕಟ್ಟಿಕೊಂಡು ಘಾಟಿಗೆ ಹೋಗಬೇಕೇನು ಅಂದ. ಊರ ನಾಯಿ ಸೈತ ನಗುತ್ತವೆ ಅಂದ. ಕರೆವ್ವ ವಾದ ಮಾಡಲಿಲ್ಲ. ನಕ್ಕರೆ ನಗಲಿ, ನಗುವವರು ಬದುಕಿದ್ದರೇ ಅಲ್ಲವೇನು ನಗುವುದು ಅಂದಳು.

ಅರಿವೆಯ ಪ್ರಶ್ನೆ ಬಂತು. ವರ್ಷದ ಕಾರ್ಯ ಇನ್ನೂ ಆಗಿಲ್ಲ, ಮಾವ ಸುತ್ತಿದ ಪಟಗಾ ತಲೆ ಮೇಲೆ ಇರಲೇಬೇಕು. ಕರೆವ್ವ ಎದ್ದು ಹೋಗಿ ಗೂಟದ ಮೇಲಿನ ಪಟಗಾವನ್ನೇ ತಂದಳು. ತನ್ನ ತಂದೆ ತಂದದ್ದು. ಹೊಳೆಪ್ಪ ಬೇಡ ಅನ್ನುವುದರೊಳಗೆ ಅದರ ಒಂದು ತುದಿಯನ್ನು ಪರ್ರನೆ ಕತ್ತರಿಸಿದಳು. ಆ ಸಪ್ಪಳಕ್ಕೆ ಇಬ್ಬರೂ ಬಾಗಿಲ ಕಡೆ ನೋಡಿದರು, ಕಣಗಲಾದಿಂದ ಮಾಯಪ್ಪ ಬಂದು ನಿಂತನೇನೋ ಅನ್ನುವಂಗೆ.

ದಪ್ಪ ನೂಲಿನ ಅರಿವೆಯನ್ನು ಎರಡು ಪದರು ಮಾಡಿ ಹೊಲಿದಳು. ಕಿವಿಯ ಹತ್ತಿರ ಕತ್ತರಿಸಿ ಕಿವಿ ಹೊರಗೆ ಬರುವಂಗೆ ಮಾಡಿದಳು. ಹಿಂದೆ ಕುತ್ತಿಗೆ ಮುಚ್ಚುವಷ್ಟು ಇಳಿಬಿಟ್ಟಳು. ಹಣೆಯ ಮೇಲೆ ಒಂದು ಬಿದಿರ ಸಿಬಿರು ಇಟ್ಟು ಸಣ್ಣ ಸೂರು ತೆಗೆದಳು, ಮಳೆಹನಿ ಕಣ್ಣಿಗೆ ಬೀಳಬಾರದು ಅಂತ; ಅದು ಬೆರಳಗಲ, ಗಾಳಿ ಹೊಗುವಷ್ಟು ದೊಡ್ಡದಲ್ಲ. ಗದ್ದಕ್ಕೆ ಅಗಲ ಲಾಡಿ, ಗಂಟಲಿಗೆ ಬರದಂಗೆ ಕಿವಿಯ ಮುಂದಿನಿಂದ ಇಳಿಯುವುದು. ಆಮೇಲೆ ಕುಸಬಿ ಎಣ್ಣೆ ಕಾಯಿಸಿ ಸವರಿ ಒಣಗಿಸಿ, ಮತ್ತೆ ಸವರಿ ಒಣಗಿಸಿದಳು. ನೀರು ಅದರ ಮೇಲೆ ಕೆಸುವಿನ ಎಲೆಯ ಮೇಲಿನಂಗೆ ಉರುಳಿ ಬಿತ್ತು. ಕಟ್ಟಿಕೊಂಡರೆ ಕಟ್ಟಿಕೊಂಡದ್ದು ಗೊತ್ತೇ ಆಗುತ್ತಿರಲಿಲ್ಲ. ಒಂದು ಬಾಜೂಕ ಪಟಗಾದ ಕೆಂಪು ಅಂಚು ಹಂಗೇ ಉಳಿದಿತ್ತು.

ಮೊದಲ ದಿನ ಘಾಟಿನಲ್ಲಿ ಆದದ್ದು ಏನು ಹೇಳುವುದು. ಮುರಿಗೆಪ್ಪ ಬೆಲ್ಲದ ಪೆಂಟೆ ಇಳಿಸಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ.

“ತೊಟ್ಟಲಾ ಎಲ್ಲಿ ಬಿಟ್ಟು ಬಂದ್ಯೋ ಅಂಬಿಗಾ? ನಡುಹೊಳಿಯಾಗ ಹಸಿವಾದ್ರ ಹಾಲು ಕುಡಸವ್ರ ಯಾರು?”

ನಾವೆಯೆಲ್ಲ ನಕ್ಕಿತು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಆದರೆ ಯಾರೂ ಇಳಿಯಲಿಲ್ಲ. ತಲೆ ಮುಚ್ಚಿತ್ತಲ್ಲ, ಸೂತಕ ಅಲ್ಲ. ಕೂಗಿ ಕರೆದಾಗ ಅಲ್ಲಪ್ಪನೂ ಬಂದು ಮುಂದೆ ಕೂತ. ಗಾಳಿ ಬಂತು, ಹೋಯಿತು. ಕೈ ಏಳಲಿಲ್ಲ. ಹೊಳೆಪ್ಪ ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಮುರಿಗೆಪ್ಪ ಜೋಗುಳದ ದನಿ ತೆಗೆದ, ಮತ್ತೆ ಎಲ್ಲರೂ ನಕ್ಕರು, ಆಗ ಕೈ ಎದ್ದಿತು. ತಲೆಗೆ ಅಲ್ಲ, ಗದ್ದದ ಗಂಟಿಗೆ. ಕಿತ್ತೊಗೆಯಲಿಕ್ಕೆ. ಹೊಳೆ ಅರ್ಧ ಇದ್ದದ್ದಕ್ಕೆ ಏನೂ ಆಗಲಿಲ್ಲ. ಆದರೆ ಹೊಳೆಪ್ಪನಿಗೆ ಹೊಸ ಅಂಜಿಕೆ ಸುರುವಾಯಿತು. ಗಾಳಿಗೆ ಹೋಗದ ಕೈ ನಾಚಿಕೆಗೆ ಹೋಗುತ್ತದೆ. ಗಾಳಿ ಯಾವಾಗೋ ಒಮ್ಮೆ ಬೀಸುತ್ತದೆ. ಮಂದಿ ಯಾವಾಗಲೂ ನಗುತ್ತಾರೆ.

ಆಷಾಢದ ತರಣ ಮಳೆಗೆ ಹೊಳೆ ದಂಡೆ ಮುಟ್ಟಿತು. ಎಮ್ಮಿಕಲ್ಲು ಮುಳುಗಿ, ಅದರ ಉಸಿರು ಮಾತ್ರ ಮನೆಯ ತನಕ ಕೇಳಿಸುತ್ತಿತ್ತು. ಅಂಥ ಒಂದು ಸಂತೆಯ ದಿನ ಬೆಳಿಗ್ಗೆ ಮಾಯಪ್ಪ ಕಣಗಲಾದಿಂದ ಬಂದಿಳಿದ. ಮಗನಿಗೆ ಮೂಡಲಗಿಯಲ್ಲಿ ಹೆಣ್ಣು ನೋಡಲು ಹೊರಟಿದ್ದ. ಹಳದಿ ರೇಶಿಮೆ ಅಂಚಿನ ಹೊಸ ಪಟಗಾ, ಒಗೆದ ಧೋತರ, ಮೀಸೆಗೆ ಎಣ್ಣೆ. ಮಗಳ ಮನೆಗೆ ಹೋಗದೆ ನೆಟ್ಟಗೆ ಘಾಟಿಗೇ ಬಂದ.

ಹೊಳೆಪ್ಪನ ತಲೆ ನೋಡಿ ಮೊದಲು ಅವನಿಗೆ ತಿಳಿಯಲಿಲ್ಲ. ಹತ್ತಿರ ಬಂದು ಆ ಕೆಂಪು ಅಂಚು ನೋಡಿದ. ತಾನೇ ಆರಿಸಿ ತಂದ ಅಂಚು. ಮುಖ ಕಪ್ಪಾಯಿತು.

“ಪಟಗಾಕ್ಕ ಕತ್ತರಿ ಹಾಕೀರಿ?”

 ಕರೆವ್ವನ ಹೆಸರು ಹೇಳಬಾರದು ಅಂತ ಹೊಳೆಪ್ಪ ಹಲ್ಲು ಕಚ್ಚಿ ನಿಂತ. ಬಿಚ್ಚು ಅಂದ ಮಾಯಪ್ಪ. ಘಾಟಿನ ಮಂದಿಯೆಲ್ಲ ನೋಡುತ್ತಿದ್ದರು, ಮುರಿಗೆಪ್ಪ ಬೆಲ್ಲದ ಪೆಂಟೆಯ ಮೇಲೆ ಕೂತು ತಮಾಷೆ ನೋಡುತ್ತಿದ್ದ. ಹೊಳೆಪ್ಪ ಬಿಚ್ಚಲಿಲ್ಲ.  ಆಚೆ ದಂಡೆ ಮುಟ್ಟಿದ ಮೇಲೆ ನಾಲ್ಕು ಮಂದಿಯ ಎದುರಿಗೆ ಇದನ್ನು ತೀರಿಸುತ್ತೇನೆ ಅಂತ ಮಾಯಪ್ಪ ನಾವೆ ಹತ್ತಿ ಹಿಂದುಗಡೆಯೇ, ಹೊಳೆಪ್ಪನ ಮುಂದೆಯೇ, ಅವನ ಮುಖ ನೋಡುತ್ತ ಕೂತ. ಈ ನೀರಿಗೆ ಇವತ್ತು ಬೇಡ ಅನ್ನಬೇಕು ಅಂತ ಹೊಳೆಪ್ಪನಿಗೆ ಅನಿಸಿತ್ತು. ಮಾವನ ಆ ಕಣ್ಣಿನ ಎದುರಿಗೆ ಅನ್ನಲಾಗಲಿಲ್ಲ. ಅನ್ನಬೇಕಾಗಿತ್ತು.

ಗಾಳಿಗೆ ಕೈ ಏಳದ್ದನ್ನು ನೋಡಿ ಧೈರ್ಯ ಬಂದಿದ್ದ ಅಲ್ಲಪ್ಪ, ತುಂಬಿದ ಹೊಳೆಗೆ ಬರುವುದಿಲ್ಲ ಅಂದದ್ದು ಮರೆತು, ಮುಂದೆ ಕೂತಿದ್ದ. ದಂಡೆ ಬಿಡುತ್ತಲೇ ಹೊಳೆ ನಾವೆಯನ್ನು ಕಿತ್ತುಕೊಂಡಿತು. ಬೇರು ಸಮೇತ ಒಂದು ಗಿಡ ಬಾಜೂಕಿನಿಂದ ಹಾದು ಹೋಯಿತು.  ಮಳೆ ಓರೆಯಾಗಿ ಬಡಿಯುತ್ತಿತ್ತು, ಕುಲಾವಿಯ ಸೂರಿನ ಕೆಳಗೆ ಹೊಳೆಪ್ಪನ ಕಣ್ಣು ಮಾತ್ರ ತೆರೆದೇ ಇದ್ದವು. ಕಿವಿಗೆ ಎಮ್ಮಿಕಲ್ಲಿನ ಉಸಿರು ಹತ್ತಿತು, ಇನ್ನೂ ದೂರ. ಎದುರಿಗೆ ಮಾಯಪ್ಪನ ಕಣ್ಣು. ಆ ಕಣ್ಣು ಗದ್ದದ ಗಂಟನ್ನೇ ನೋಡುತ್ತಿದ್ದವು. ಹೊಳೆಪ್ಪನಿಗೆ ಆ ಗಂಟು ಕೆಂಡದಂಗೆ ಸುಡಲು ಹತ್ತಿತು. ಉಸಿರು ಹತ್ತಿರ ಬಂತು. ಈಗ ಒತ್ತಬೇಕು. ಎರಡೂ ಕೈ. ಅವನು ಕೆಳಗೆ ನೋಡಿದ. ಹುಟ್ಟಿನ ಮೇಲೆ ಒಂದೇ ಕೈ ಇತ್ತು.

ಬಲಗೈ ಗದ್ದದ ಕೆಳಗಿತ್ತು, ಬೆರಳು ಗಂಟಿನೊಳಗೆ. ಯಾವಾಗ ಹೋಯಿತೋ ಅವನಿಗೆ ಗೊತ್ತಿಲ್ಲ. ನಾವೆಯ ಮೂತಿ ಮೆಲ್ಲಗೆ ಅಡ್ಡ ತಿರುಗಲು ಹತ್ತಿತ್ತು. ಅಲ್ಲಪ್ಪ ಮುಂದಿನಿಂದ ತಿರುಗಿ ನೋಡಿದ, ಆ ಮೊದಲಿನ ಮಳೆಗಾಲದಲ್ಲಿ ಹೊಳೆಪ್ಪ ತಿರುಗಿ ನೋಡಿದಂಗೇ.

ಅಷ್ಟರಲ್ಲಿ ಗಾಳಿ ಬಂತು. ಅದು ಹೊಳೆಪ್ಪನನ್ನು ಬಿಟ್ಟು ಮಾಯಪ್ಪನ ತಲೆಗೆ ಕೈ ಹಾಕಿತು. ಹೊಸ ಪಟಗಾ ಒಂದು ಸುತ್ತು ಬಿಚ್ಚಿ ಅವನ ಕಣ್ಣ ಮೇಲೆ ಇಳಿಯಿತು, ಸೆರಗು ಹಾರಿ ನೀರಿಗೆ ಬಿತ್ತು. ಮಾಯಪ್ಪ ಕುಕ್ಕರಗಾಲಿನಲ್ಲಿ ಅರ್ಧ ಎದ್ದು ಎರಡೂ ಕೈಯಿಂದ ತಲೆ ಹಿಡಿದ. ನಾವೆ ಆ ಬಾಜೂಕ ವಾಲಿತು. ಹೆಂಗಸರು ಚೀರಿದರು. ನೀರಿಗೆ ಬಿದ್ದ ಸೆರಗನ್ನು ಹೊಳೆ ಜಗ್ಗಿತು, ಅದರ ಹಿಂದೆ ಮಾಯಪ್ಪನನ್ನೂ. ಹೊಳೆಪ್ಪ ನೋಡಿದ: ಮುಖ ಇಲ್ಲ, ಅರಿವೆ, ಅರಿವೆ ಹಿಡಿದ ಕೈ.

ಅವನ ಬಲಗೈ ಗಂಟು ಬಿಟ್ಟು ಹುಟ್ಟಿಗೆ ಬಂತು. ಬಾಯಿಂದ ಬಂದ ದನಿ ಅವನದಾಗಿರಲಿಲ್ಲ.

“ಬಿಡ್ರಿ, ಮಾಂವಾ! ಪಟಗಾ ಬಿಡ್ರಿ, ಕೆಳಗ ಕುಂದರ್ರಿ!”

ಮಾಯಪ್ಪ ಬಿಡಲಿಲ್ಲ. ಹೆಣ್ಣು ನೋಡಲು ಹೊರಟವನು, ಹಿರೇತನದ ಮನುಷ್ಯ, ಹೇಗೆ ಬಿಟ್ಟಾನು? ಮುಷ್ಟಿ ಇನ್ನೂ ಬಿಗಿಯಾಯಿತು.

“ನಮ್ಮಪ್ಪನೂ ಹಿಂಗ ಹಿಡದಿದ್ದಾ,” ಅಂದ ಹೊಳೆಪ್ಪ. ಈ ಸಲ ಕೂಗಲಿಲ್ಲ. ಹುಟ್ಟಿನ ಮೇಲೆ ಮೈಯೆಲ್ಲ ಹೇರಿದ್ದಕ್ಕೆ ಕೂಗಲು ಉಸಿರೇ ಇರಲಿಲ್ಲ. “ನಾ ನೋಡೇನಿ. ಬಿಡ್ರಿ.”

ಮುಷ್ಟಿ ಬಿಚ್ಚಿತು. ಹಳದಿ ಅಂಚಿನ ಅರಿವೆ ಹಾವಿನಂಗೆ ಉದ್ದಕ್ಕೆ ನೀರಿನ ಮೇಲೆ ಬಿಚ್ಚಿಕೊಂಡು ಹೋಯಿತು, ಎಮ್ಮಿಕಲ್ಲಿನ ಮೇಲೆ ಒಂದು ಸಲ ಸುತ್ತಿ ಒಳಗೆ ಹೋಯಿತು. ಮಾಯಪ್ಪ ದೊಪ್ಪನೆ ಕೂತ. ನಾವೆ ನೆಟ್ಟಗಾಯಿತು. ಕಲ್ಲಿನ ಉಸಿರು ಬಲಗಿವಿಯ ಹತ್ತಿರ, ಕೈಚಾಚಿದರೆ ಸಿಗುವಷ್ಟು ಹತ್ತಿರ ಹಾದು, ಹಿಂದೆ ಬಿತ್ತು.

ಆಚೆ ದಂಡೆಗೆ ಮುಟ್ಟಿದ ಮೇಲೆ ಮಂದಿ ಇಳಿದರು. ಮಾಯಪ್ಪ ಒಂದು ಕಲ್ಲಿನ ಮೇಲೆ ಕೂತ. ಮಳೆಯಲ್ಲಿ ಅವನ ನರೆತ ತಲೆ ಬರಿದಾಗಿ ಕಾಣುತ್ತಿತ್ತು. ಆ ತಲೆಯನ್ನು ಹೊಳೆಪ್ಪ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮುರಿಗೆಪ್ಪ ಹೆಗಲ ಮೇಲಿನ ಟಾವೆಲ್ಲು ಹಿಂಡಿ ಅವನ ಕೈಗೆ ಕೊಟ್ಟು, ಬೆಲ್ಲ ಹೊತ್ತುಕೊಂಡು ಸಂತೆಯ ದಾರಿ ಹಿಡಿದ. ಪಟಗಾ ಇಲ್ಲದ ತಲೆಯಲ್ಲಿ ಹೆಣ್ಣು ನೋಡಲು ಹೋಗುವಂಗಿರಲಿಲ್ಲ. ಬೀಗರಾಗುವವರ ಬಾಗಿಲಿಗೆ ಸೂತಕ ಒಯ್ದಂಗೆ. ತಿರುಗಿ ಮನೆಗೆ ಬಿಡು ಅಂದ ಮಾಯಪ್ಪ, ಹೊಳೆಪ್ಪನ ಮುಖ ನೋಡದೆ.

ತಿರುಗಿ ಹೋಗಬೇಕು. ಅದೇ ಹೊಳೆ, ಅದೇ ಕಲ್ಲು.  ಕೂತುಕೊಂಡರೆ ಏಳುವುದಾಗಲಿಕ್ಕಿಲ್ಲ ಅಂತ ಹೊಳೆಪ್ಪ ನಿಂತೇ ಇದ್ದ. ಅಲ್ಲಪ್ಪನಿಗೆ ಸನ್ನೆ ಮಾಡಿದ. ಈ ಸಲ ಮಾಯಪ್ಪ ತಲೆಗೆ ಟಾವೆಲ್ಲು ಬಿಗಿದು, ನಾವೆಯ ಎರಡೂ ಅಂಚು ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ನೀರು ನೋಡುತ್ತ ಕೂತ. ಹೊಳೆಪ್ಪನ ಕಡೆ ಒಮ್ಮೆಯೂ ತಿರುಗಲಿಲ್ಲ. ಅದೊಂದು ಉಪಕಾರ ಮಾಡಿದ.

ಮನೆಯಲ್ಲಿ ಕರೆವ್ವ ನೀರು ಕೊಟ್ಟಳು. ತಂದೆಯ ತಲೆ ನೋಡಿದಳು, ಗಂಡನ ಮುಖ ನೋಡಿದಳು, ಏನಾಗಿರಬೇಕು ಅಂತ ತಿಳಿದುಕೊಂಡಳು. ಮಾಯಪ್ಪ ಚರಿಗೆ ಕೆಳಗೆ ಇಟ್ಟು ಕೇಳಿದ.

“ಕತ್ತರಿ ಹಾಕೂವಾಗ ಕೈ ನಡುಗಲಿಲ್ಲೇನವಾ ನಿನಗ?”

“ನಡುಗಿತ್ತಪ್ಪಾ,” ಅಂದಳು ಕರೆವ್ವ. “ಇವರ ಕೈ ನಡುಹೊಳಿಯಾಗ ನಡಗೂದಕ್ಕಿಂತ ನಂದು ಮನಿಯಾಗ ನಡಗೂದು ಚಲೋ ಅಂತ ಕತ್ತರಸಿದ್ನಿ.”

 ಮಾಯಪ್ಪ ಒಲೆಯ ಮುಂದೆ ಹೋಗಿ ಮೈ ಕಾಸುತ್ತ ಕೂತ.

ಹೊಳೆಪ್ಪ ಹಿತ್ತಲಲ್ಲಿ ಗೋಡೆಗೆ ಆನಿಕೊಂಡು ನಿಂತಿದ್ದ. ಕುಲಾವಿ ಇನ್ನೂ ತಲೆಯ ಮೇಲೇ ಇತ್ತು. ಲಾಡಿ ತೊಯ್ದು ಗಂಟು ಬಿಗಿದುಕೊಂಡಿತ್ತು, ಬಿಚ್ಚಲು ಹೋದರೆ ಬೆರಳಿಗೆ ಸಿಗುತ್ತಿರಲಿಲ್ಲ. ಬೇಡವಾದಾಗ ಗಂಟಿಗೆ ಹೋದ ಕೈ ಬೇಕಾದಾಗ ಕೆಲಸಕ್ಕೆ ಬರಲಿಲ್ಲ. ಕರೆವ್ವ ಬಂದು ನೋಡಿ, ಗದ್ದ ಮೇಲೆತ್ತಿ, ಕೂಸಿನದಕ್ಕೆ ಮಾಡುವಂಗೆ ಹಲ್ಲಿನಿಂದ ಕಚ್ಚಿ ಗಂಟು ಸಡಿಲು ಮಾಡಿದಳು. ಹೊಳೆಯ ಸಪ್ಪಳ ಇನ್ನೂ ಏರುತ್ತಲೇ ಇತ್ತು. ನಾಳೆ ಬಿಟ್ಟು ಬಿಡ್ರಿ, ನೀರು ಇಳಿಯಲಿ ಅಂದಳು.

ಅವನು ಹೂಂ ಅಂದ. ಅಂದು, ಕುಲಾವಿಯನ್ನು ಬೆಳಿಗ್ಗೆ ಒಣಗಿರುವಂಗೆ ಒಲೆಯ ಮೇಲಿನ ಹಗ್ಗಕ್ಕೆ ಹಾಕು ಅಂದ.